ಕಿಶನ್‌ಗಢದ ಬಿಳಿ ಪುಡಿ ಪುಕ್ಕಟೆ ಸಿಗುತ್ತೆ, ಅರಸೀಕೆರೆಗೆ ತರಲೇ?

ಪ್ರಶ್ನೆ: ಅರಸೀಕೆರೆ ಹತ್ತಿರ ನನ್ನದೊಂದು ಸಣ್ಣ ಸಿಮೆಂಟ್ ಬ್ಲಾಕ್ ಮತ್ತು ಇಂಟರ್‌ಲಾಕ್ ಘಟಕ ಇದೆ. ನಮ್ಮ ಭಾವ ರಾಜಸ್ಥಾನದ ಕಿಶನ್‌ಗಢದಲ್ಲಿ ಒಂದು ಮಾರ್ಬಲ್ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಕಲ್ಲು ಕೊಯ್ಯುವಾಗ ಬರುವ ಬಿಳಿ ಕೆಸರನ್ನು ಅಲ್ಲಿ ಗುಡ್ಡದ ಹಾಗೆ ಸುರಿದಿದ್ದಾರಂತೆ, ಕೇಳಿದರೆ ಪುಕ್ಕಟೆ ಕೊಡುತ್ತಾರಂತೆ. ಸಿಮೆಂಟ್ ಸ್ವಲ್ಪ ಕಡಿಮೆ ಮಾಡಿ ಇದನ್ನು ಹಾಕಬಹುದಾ? ಹಾರುಬೂದಿ (ಫ್ಲೈ ಆಶ್) ಇಟ್ಟಿಗೆಗೆ ಸುಣ್ಣದ ಬದಲು ಆಗುತ್ತಾ? ತೋಟಕ್ಕೂ ಹಾಕಬಹುದು ಅಂತ ಯಾರೋ ಹೇಳಿದರು. ಒಟ್ಟಿನಲ್ಲಿ ಇದರಿಂದ ಒಂದು ಉದ್ಯಮ ಮಾಡಲು ಸಾಧ್ಯವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಅಲ್ಲಿಂದ ತರಬೇಡಿ. ಪುಡಿ ಕೆಟ್ಟದ್ದು ಅಂತಲ್ಲ. ಲೆಕ್ಕ ಕೂಡುವುದಿಲ್ಲ, ಅಷ್ಟೇ.

ಕಿಶನ್‌ಗಢದಿಂದ ನಿಮ್ಮೂರಿಗೆ ಹೆಚ್ಚೂ ಕಡಿಮೆ ಎರಡು ಸಾವಿರ ಕಿಲೋಮೀಟರ್. ಲಾರಿ ಬಾಡಿಗೆ ಟನ್ನಿಗೆ, ಕಿಲೋಮೀಟರಿಗೆ 2 ರೂಪಾಯಿ ಅಂತ ಕೈ ಬಿಗಿ ಹಿಡಿದೇ ಲೆಕ್ಕ ಹಾಕಿ. 25 ಟನ್ನಿನ ಒಂದು ಲೋಡಿಗೆ ಒಂದು ಲಕ್ಷ ರೂಪಾಯಿ ಬಾಡಿಗೆಯೇ ಆಯಿತು. ಆ 25 ಟನ್ನಿನಲ್ಲಿ ಪುಡಿ ಎಷ್ಟು? ಹೊರಗಿನಿಂದ ಒಣಗಿದ ಹಾಗೆ ಕಂಡರೂ ಒಳಗೆ ನೂರಕ್ಕೆ ಇಪ್ಪತ್ತರಷ್ಟು ನೀರು ಸುಲಭವಾಗಿ ಉಳಿದಿರುತ್ತದೆ. ಅಂದರೆ 5 ಟನ್ ನೀರನ್ನು ರಾಜಸ್ಥಾನದಿಂದ, ಅದೂ ನೀರಿಲ್ಲದ ರಾಜಸ್ಥಾನದಿಂದ, ದುಡ್ಡು ಕೊಟ್ಟು ಹೊತ್ತು ತಂದ ಹಾಗಾಯಿತು. ಉಳಿದ 20 ಟನ್ ಒಣ ಪುಡಿ ನಿಮಗೆ ಟನ್ನಿಗೆ 5,000 ರೂಪಾಯಿ ಬೀಳುತ್ತದೆ. ಸಿಮೆಂಟ್ ಮೂಟೆ 380 ರೂಪಾಯಿ ಅಂತ ಹಿಡಿದರೂ ಟನ್ ಸಿಮೆಂಟಿಗೆ 7,600. ಅಂಟುವ ಗುಣವೇ ಇಲ್ಲದ ಪುಡಿಗೆ ಸಿಮೆಂಟಿನ ಮೂರನೇ ಎರಡು ಭಾಗದಷ್ಟು ಬೆಲೆ! ಪುಕ್ಕಟೆ ಅನ್ನುವ ಮಾತು ಗುಡ್ಡದ ಬುಡದಲ್ಲಿ ಮಾತ್ರ ನಿಜ.

ಈ ಪುಡಿಯ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗೇ ಇರುತ್ತವೆ. ಇದರಿಂದ ಏನು ಮಾಡಬಹುದು ಅಂತ ಎಲ್ಲರೂ ಕೇಳುತ್ತಾರೆ. ಪುಡಿ ಯಾವ ಕಲ್ಲಿನದು, ಎಷ್ಟು ಒಣಗಿದೆ, ಎಷ್ಟು ದೂರ ಹೋಗಬೇಕು, ಇವತ್ತು ಬಂದದ್ದೇ ನಾಳೆಯೂ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಏನು ಮಾಡಬಹುದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸರಿ, ಪುಡಿ ಹುಟ್ಟುವುದು ಹೇಗೆ ನೋಡೋಣ. ಕಾರ್ಖಾನೆಯಲ್ಲಿ ಗ್ಯಾಂಗ್ ಸಾ ಅಂತ ಒಂದು ಯಂತ್ರ ಇರುತ್ತದೆ, ಬ್ರೆಡ್ ಹೋಳು ಮಾಡಿದ ಹಾಗೆ ಇಡೀ ಬಂಡೆಯನ್ನು ಒಟ್ಟಿಗೆ ಹತ್ತಾರು ಬ್ಲೇಡುಗಳಿಂದ ಕೊಯ್ಯುತ್ತದೆ. ಸ್ಲ್ಯಾಬು 18 ಮಿಲಿಮೀಟರ್ ದಪ್ಪ, ಬ್ಲೇಡು ತಿಂದುಹಾಕುವುದು ಸುಮಾರು 5 ಮಿಲಿಮೀಟರ್. ಪ್ರತಿ 23 ಮಿಲಿಮೀಟರಿನಲ್ಲಿ 5 ಹೋಯಿತು ಅಂದರೆ ಬಂಡೆಯ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ಪುಡಿಯಾಯಿತು. ಒಂದು ಘನ ಮೀಟರ್ ಮಾರ್ಬಲ್ 2.7 ಟನ್ ತೂಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ 600 ಕೆಜಿ ಪುಡಿ! ಬ್ಲೇಡು ಬಿಸಿಯಾಗದಿರಲಿ ಅಂತ ನೀರು ಬಿಡುತ್ತಲೇ ಇರುತ್ತಾರೆ. ಆ ನೀರಲ್ಲಿ ಪುಡಿ ಸೇರಿ ಹಾಲಿನ ಹಾಗೆ ಹರಿದು ಗುಂಡಿಗೆ ಹೋಗುತ್ತದೆ, ಅಲ್ಲಿಂದ ಟ್ಯಾಂಕರಿನಲ್ಲಿ ಊರಾಚೆಗೆ. ಇದಕ್ಕೇ ಸ್ಲರಿ ಅನ್ನುತ್ತಾರೆ.

ಅಜ್ಮೇರ್ ಜಿಲ್ಲೆಯ ಕಿಶನ್‌ಗಢದಲ್ಲಿ ಹೀಗೆ ವರ್ಷಗಟ್ಟಲೆ ಸುರಿದು ನೂರಾರು ಎಕರೆ ಬಿಳಿ ಬಯಲಾಗಿದೆ. ಮಧ್ಯೆ ಮಧ್ಯೆ ನೀಲಿ ನೀರಿನ ಹೊಂಡಗಳು. ಹಿಮದ ನಾಡಿನ ಹಾಗೆ ಕಾಣುತ್ತದೆ ಅಂತ ಮದುವೆಗೆ ಮುಂಚಿನ ಫೋಟೊ ತೆಗೆಸಲು ಜೋಡಿಗಳು ಬರುತ್ತಾರೆ, ಸಿನಿಮಾದವರೂ ಬರುತ್ತಾರೆ. ನಿಮ್ಮ ಭಾವ ಫೋಟೊ ಕಳಿಸಿಯೇ ಇರುತ್ತಾರೆ. ಫೋಟೊದಲ್ಲಿ ಕಾಣದ್ದು ಬೇಸಿಗೆಯ ಗಾಳಿ. ಒಣಗಿದ ಈ ಪುಡಿ ಮೈದಾ ಹಿಟ್ಟಿನಷ್ಟು ನುಣುಪು. ಗಾಳಿಗೆ ಎದ್ದರೆ ಸುತ್ತಲಿನ ಹೊಲದ ಎಲೆಗಳ ಮೇಲೆ ಕೂರುತ್ತದೆ. ಮಣ್ಣಿಗೆ ಬಿದ್ದರೆ ಅದರ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ, ಮಳೆ ನೀರು ಇಂಗುವುದಿಲ್ಲ. ಅದಕ್ಕೇ ಅವರಿಗೆ ಪುಡಿ ಸಾಗಿದರೆ ಸಾಕಾಗಿದೆ, ಪುಕ್ಕಟೆ ಕೊಡುತ್ತಾರೆ.

ಇನ್ನೊಂದು ವಿಷಯ. ಕಿಶನ್‌ಗಢ ಗಣಿಗಿಂತ ಹೆಚ್ಚಾಗಿ ಒಂದು ಮಂಡಿ ಇದ್ದ ಹಾಗೆ. ಎಲ್ಲೆಲ್ಲಿಂದಲೋ ಬಂಡೆ ಬರುತ್ತದೆ, ಕೊಯ್ದು ಮಾರುತ್ತಾರೆ. ರಾಜಸ್ಥಾನದ್ದೇ ಆದ ಮಕ್ರಾನಾ ಊರಿನ ಕಲ್ಲು ಹೆಚ್ಚೂ ಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ತಾಜ್ ಮಹಲಿಗೆ ಹೋದದ್ದು ಇದೇ ಕಲ್ಲು. ರಾಜಸಮಂದ್ ಕಡೆಯದ್ದು ಡಾಲಮೈಟ್, ಅಂದರೆ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಸಾಕಷ್ಟು ಇರುತ್ತದೆ. ಉದಯಪುರದ ಆಚೆ ಕೇಸರಿಯಾಜಿ ಕಡೆಯಿಂದ ಬರುವ ಹಸಿರು ಕಲ್ಲನ್ನು ಅಂಗಡಿಯವರು ಮಾರ್ಬಲ್ ಅಂತಲೇ ಮಾರುತ್ತಾರೆ, ಆದರೆ ಅದು ಸರ್ಪೆಂಟೈನ್ ಅನ್ನುವ ಬೇರೆ ಜಾತಿ. ಅದರಲ್ಲಿ ಕಲ್ನಾರಿನ ಎಳೆ ಇರುವ ಸಾಧ್ಯತೆಯೂ ಇದೆ, ಹಾಗಾಗಿ ಆ ಪುಡಿಯ ಸಹವಾಸವೇ ಬೇಡ. ಇದರ ಜೊತೆಗೆ ಇಟಲಿ, ಟರ್ಕಿಯಿಂದ ಬಂದ ಬಂಡೆಗಳು, ಪಕ್ಕದಲ್ಲೇ ಗ್ರಾನೈಟ್. ಎಲ್ಲದರ ಕೆಸರೂ ಒಂದೇ ಗುಡ್ಡಕ್ಕೆ. ಬಿಸಿಬೇಳೆಬಾತಿನಿಂದ ಬೇಳೆ ಆರಿಸಲು ಹೋದ ಹಾಗೆ, ಆಮೇಲೆ ಬೇರೆ ಮಾಡಲು ಆಗುವುದಿಲ್ಲ. ಇದರ ದೊಡ್ಡ ಬಳಕೆಗಳು ಕಾಗದದ ಮೇಲೆ ಚೆನ್ನಾಗಿ ಕಂಡು ಕಾರ್ಖಾನೆಯಲ್ಲಿ ಬಿದ್ದುಹೋಗುವುದು ಮುಖ್ಯವಾಗಿ ಇಲ್ಲೇ.

ಈಗ ನಿಮ್ಮ ಪ್ರಶ್ನೆಗಳು. ಸುಣ್ಣದ್ದು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಈ ತಪ್ಪಿನಲ್ಲಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಮಾರ್ಬಲ್ ಪುಡಿ ಸುಣ್ಣ ಅಲ್ಲ. ಸುಣ್ಣದ ಕಲ್ಲಿನ ಪುಡಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣಕ್ಕೂ ಮನೆ ಮುಂದಿನ ಮಾರ್ಬಲ್ ಮೆಟ್ಟಿಲಿಗೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಕಲ್ಲನ್ನು 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅರಳುತ್ತದೆ. ಹಾರುಬೂದಿಯ ಜೊತೆ ಸೇರಿ ಗಟ್ಟಿಯಾಗುವುದು ಈ ಸುಣ್ಣ ಮಾತ್ರ. ಸುಡದ ಪುಡಿಯನ್ನು ಬೂದಿ ಇಟ್ಟಿಗೆಗೆ ಹಾಕಿದರೆ ಅದು ಸುಮ್ನೆ ಜಾಗ ತುಂಬಿಕೊಂಡು ಕೂರುತ್ತದೆ, ಇಟ್ಟಿಗೆ ತಿಂಗಳಾದರೂ ಉಗುರಿಗೆ ಉದುರುತ್ತದೆ.

ಹಾಗಾದರೆ ಪುಡಿಯನ್ನೇ ಸುಟ್ಟು ಸುಣ್ಣ ಮಾಡಬಹುದಲ್ಲ ಅಂತ ನಿಮ್ಮ ಮುಂದಿನ ಪ್ರಶ್ನೆ ಬರುತ್ತದೆ. ಸಾಮಾನ್ಯ ಸುಣ್ಣದ ಗೂಡಿನಲ್ಲಿ ಆಗುವುದಿಲ್ಲ. ಗೂಡಿಗೆ ಮುಷ್ಟಿ ಗಾತ್ರದ ಕಲ್ಲು ಬೇಕು, ಕಲ್ಲುಗಳ ಸಂದಿಯಲ್ಲಿ ಬಿಸಿ ಗಾಳಿ ಓಡಾಡಬೇಕು. ಹಿಟ್ಟು ಸುರಿದರೆ ಗೂಡಿಗೆ ಉಸಿರು ಕಟ್ಟುತ್ತದೆ. ಪುಡಿಯನ್ನು ಉಂಡೆ ಕಟ್ಟಿ ಸುಡಬೇಕು, ಇಲ್ಲವೇ ತಿರುಗುವ ಗೂಡು ಬೇಕು. ಎರಡಕ್ಕೂ ಬೇಕಾಗುವ ಬಂಡವಾಳ ಸಣ್ಣ ಘಟಕದ ಮಾತಲ್ಲ. ಅದೂ ಅಲ್ಲದೆ ಒಂದು ಟನ್ ಶುದ್ಧ ಪುಡಿ ಸುಟ್ಟರೆ 440 ಕೆಜಿ ಅನಿಲ ಆಕಾಶಕ್ಕೆ ಹೋಗುತ್ತದೆ, ಸೌದೆ ಕಲ್ಲಿದ್ದಲಿನ ಹೊಗೆ ಬೇರೆ. ಕೈಗೆ ಸಿಗುವುದು 560 ಕೆಜಿ ಸುಣ್ಣ. ತ್ಯಾಜ್ಯ ತಗ್ಗಿಸಲು ಹೊಗೆ ಹೆಚ್ಚಿಸುವುದರಲ್ಲಿ ನನಗೆ ಅಷ್ಟು ಒಲವಿಲ್ಲ.

ಸಿಮೆಂಟ್ ಬದಲು ಹಾಕುವ ವಿಚಾರ. ಕೆಲವು ವರ್ಷಗಳ ಹಿಂದೆ ಒಂದು ಬ್ಲಾಕ್ ಘಟಕದವರು ನನ್ನನ್ನು ಕರೆದಿದ್ದರು. ಸಿಮೆಂಟಿನಲ್ಲಿ ನೂರಕ್ಕೆ ಇಪ್ಪತ್ತು ತೆಗೆದು ಮಾರ್ಬಲ್ ಪುಡಿ ಹಾಕಿದ್ದರು. ಅಚ್ಚಿನಿಂದ ತೆಗೆದಾಗ ಬ್ಲಾಕ್ ಎಷ್ಟು ಚೆಂದ ಅಂತೀರಿ, ನುಣ್ಣಗೆ, ಬೆಳ್ಳಗೆ, ಮೂಲೆಗಳು ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಮಾಲೀಕರು ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದರು. ಹತ್ತು ದಿನ ಬಿಟ್ಟು ಲಾರಿಗೆ ತುಂಬುವಾಗ ಮೂಲೆಗಳು ಕೈಯಲ್ಲೇ ಬಂದವು. ಆಗಿದ್ದು ಇಷ್ಟೇ. ಪುಡಿ ನುಣುಪಾದ್ದರಿಂದ ಮೇಲ್ಮೈ ಚೆನ್ನಾಗಿ ಬಂತು, ಅಂಟು ಕಡಿಮೆಯಾದ್ದರಿಂದ ಬಲ ಹೋಯಿತು. ಮೇಲಾಗಿ ನುಣುಪು ಪುಡಿ ಜಾಸ್ತಿ ನೀರು ಕುಡಿಯುತ್ತದೆ, ಕೆಲಸಗಾರರು ಕಲಸು ಗಟ್ಟಿಯಾಯಿತು ಅಂತ ಇನ್ನೊಂದು ಬಕೆಟ್ ಸುರಿದಿದ್ದರು. ಆ ಬಕೆಟ್ಟೇ ಹೆಚ್ಚು ಹಾಳು ಮಾಡಿದ್ದು ಅಂತ ನನ್ನ ಅನುಮಾನ.

ಹಾಗಂತ ಪುಡಿಗೆ ಕಾಂಕ್ರೀಟಿನಲ್ಲಿ ಜಾಗವೇ ಇಲ್ಲ ಅಂತಲ್ಲ. ಸಿಮೆಂಟಿನ ಕಣಗಳ ನಡುವಿನ ಸಂದಿ ತುಂಬುತ್ತದೆ, ಸಿಮೆಂಟ್ ಬೇಗ ಕೆಲಸ ಶುರು ಮಾಡಲು ಸಹಾಯ ಮಾಡುತ್ತದೆ, ಅದರೊಳಗಿನ ಅಲ್ಯುಮಿನಾ ಜೊತೆ ಒಂದಿಷ್ಟು ರಾಸಾಯನಿಕ ಕೆಲಸವನ್ನೂ ಮಾಡುತ್ತದೆ. ಸಿಮೆಂಟಿನ ಬದಲು ನೂರಕ್ಕೆ ಐದರ ಆಸುಪಾಸಿನಲ್ಲಿ ಹಾಕಿದರೆ ತೊಂದರೆ ಕಾಣುವುದು ಕಡಿಮೆ, ಹತ್ತು ದಾಟಿದರೆ ಬಲ ಇಳಿಯತೊಡಗುತ್ತದೆ. ನನ್ನ ಸಲಹೆ ಏನೆಂದರೆ ಸಿಮೆಂಟಿಗೆ ಕೈ ಹಾಕಲೇಬೇಡಿ. ಮರಳಿನ ಭಾಗದಲ್ಲಿ ಹಾಕಿ ನೋಡಿ. ಆದರೆ ಇಲ್ಲೊಂದು ಗಂಟು ಇದೆ. ನೀವು ಬಳಸುವುದು ಎಂ-ಸ್ಯಾಂಡ್ ತಾನೆ? ಅದರಲ್ಲಿ ಈಗಾಗಲೇ ಸಾಕಷ್ಟು ದೂಳು ಇರುತ್ತದೆ. ಜಲ್ಲಿ ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದು ನೂರಕ್ಕೆ 15ರ ತನಕ ಇರಬಹುದು ಅಂತ ಭಾರತೀಯ ಮಾನಕ ಐಎಸ್ 383 ಒಪ್ಪುತ್ತದೆ, ತೊಳೆಯದ ಮರಳಿನಲ್ಲಿ ಆ ಮಿತಿಯೇ ತುಂಬಿರುತ್ತದೆ. ಅದರ ಮೇಲೆ ಮಾರ್ಬಲ್ ಪುಡಿ ಹಾಕುವುದು ಊಟ ಮುಗಿದವರಿಗೆ ಮತ್ತೆ ಎಲೆ ಹಾಕಿದ ಹಾಗೆ. ತೊಳೆದ ಎಂ-ಸ್ಯಾಂಡ್ ಆದರೆ ಮಾತ್ರ ಜಾಗ ಇದೆ.

ನಿಮ್ಮ ಘಟಕದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಜಾಗ ಹೇಳುತ್ತೇನೆ. ಇಂಟರ್‌ಲಾಕಿನ ಮೇಲಿನ ಬಣ್ಣದ ಪದರ. ಎರಡು ಪದರದ ಕಲ್ಲು ಮಾಡುವ ಯಂತ್ರ ಇದ್ದರೆ ಮೇಲಿನ ಪದರದ ಮಿಶ್ರಣದಲ್ಲಿ ಸ್ವಲ್ಪ ಬಿಳಿ ಪುಡಿ ಸೇರಿಸಿದರೆ ಹಳದಿ, ಕೆಂಪು ಬಣ್ಣ ಎದ್ದು ಕಾಣುತ್ತದೆ, ಬಣ್ಣದ ಪುಡಿಯ ಖರ್ಚು ತಗ್ಗುತ್ತದೆ. ಇದೇನೂ ಹೊಸದಲ್ಲ. ಹಳೆಯ ಮನೆಗಳ ಮೊಸಾಯಿಕ್ ನೆಲ ನೆನಪಿದೆಯಲ್ಲ? ಅದರ ಮೇಲಿನ ಪದರದಲ್ಲಿ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಮಾರ್ಬಲ್ ಪುಡಿ ಹಾಕಿ, ಅದರಲ್ಲಿ ಮಾರ್ಬಲ್ ಚೂರು ಕೂರಿಸಿ, ದಿನಗಟ್ಟಲೆ ಉಜ್ಜುತ್ತಿದ್ದರು. ಐವತ್ತು ವರ್ಷವಾದರೂ ಹೊಳೆಯುತ್ತಿದೆ. ಆದರೆ ಅದು ಮನೆಯೊಳಗೆ, ಬರಿಗಾಲಲ್ಲಿ ನಡೆಯುವ ನೆಲ. ಮಾರ್ಬಲ್ ಮೆತ್ತಗಿನ ಕಲ್ಲು, ಗಡಸುತನದ ಹತ್ತರ ಅಳತೆಯಲ್ಲಿ ಮೂರು, ಬೆಣಚುಕಲ್ಲು ಏಳು. ಲಾರಿ ಓಡಾಡುವ ಪೆಟ್ರೋಲ್ ಬಂಕಿಗೆ ಹಾಕುವ ಇಂಟರ್‌ಲಾಕಿನಲ್ಲಿ ಈ ಪ್ರಯೋಗ ಬೇಡ. ಮನೆ ಅಂಗಳ, ಪಾದಚಾರಿ ದಾರಿ, ದೇವಸ್ಥಾನದ ಪ್ರಾಕಾರ ಇಂಥದ್ದಕ್ಕೆ ಸರಿ. ಮಾಡಿದ ಮೇಲೆ ನೀರು ಹೀರುವ ಪರೀಕ್ಷೆ ಮಾಡಿಸಿ, ಐಎಸ್ 15658 ಪ್ರಕಾರ ಸರಾಸರಿ ನೂರಕ್ಕೆ 6 ದಾಟಬಾರದು. ಪುಡಿ ಜಾಸ್ತಿಯಾದರೆ ಮೊದಲು ಕೆಡುವುದೇ ಇದು.

ಇನ್ನು ದೊಡ್ಡ ಉದ್ಯಮಗಳ ಕಡೆ ಬರೋಣ. ನೀವು ಕೇಳಿದ್ದು ಉದ್ಯಮ ಸಾಧ್ಯವಾ ಅಂತ. ಸಾಧ್ಯ ಇದೆ, ಆದರೆ ರಾಜಸ್ಥಾನದಲ್ಲೇ ಕೂತು ಮಾಡುವವರಿಗೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಸಹಜವಾದ ಬಳಕೆ ಗೋಡೆಯ ಪುಟ್ಟಿ. ಸುಣ್ಣ ಬಣ್ಣಕ್ಕೆ ಮುಂಚೆ ಗೋಡೆಗೆ ಬಳಿಯುತ್ತಾರಲ್ಲ, ಅದರಲ್ಲಿ ಬಿಳಿ ಸಿಮೆಂಟಿಗಿಂತ ಬಿಳಿ ಕಲ್ಲಿನ ಪುಡಿಯೇ ಜಾಸ್ತಿ, ಮೇಲೆ ಒಂದಿಷ್ಟು ಅಂಟಿನ ರಾಸಾಯನಿಕ. ದೇಶದ ದೊಡ್ಡ ಬಿಳಿ ಸಿಮೆಂಟ್ ಕಾರ್ಖಾನೆಗಳು ಇರುವುದು ರಾಜಸ್ಥಾನದಲ್ಲೇ, ಗೋಟನ್‌ನಲ್ಲಿ ಮತ್ತು ಖಾರಿಯಾ ಖಂಗಾರ್‌ನಲ್ಲಿ. ಪುಡಿಯೂ ಅಲ್ಲೇ, ಸಿಮೆಂಟೂ ಅಲ್ಲೇ, ದೂರದ ಸಮಸ್ಯೆಯೇ ಇಲ್ಲ. ಡಾಲಮೈಟ್ ಆದರೂ ನಡೆಯುತ್ತದೆ. ಆದರೆ ಬಣ್ಣ ಒಂದೇ ಇರಬೇಕು. ಒಂದು ಲೋಡಿನಲ್ಲಿ ಹಾಲು, ಇನ್ನೊಂದರಲ್ಲಿ ಮಜ್ಜಿಗೆ ಆದರೆ ಗಿರಾಕಿ ವಾಪಸ್ ಕಳಿಸುತ್ತಾನೆ. ಟೈಲ್ಸ್ ಅಂಟಿಸುವ ಪುಡಿಯಲ್ಲಿ ಬಣ್ಣದ ಹಟ ಇಷ್ಟಿರುವುದಿಲ್ಲ, ಅಲ್ಲಿ ಎರಡನೇ ದರ್ಜೆಯದು ಹೋಗುತ್ತದೆ.

ಸಿಮೆಂಟ್ ಕಾರ್ಖಾನೆಗಳು ತೆಗೆದುಕೊಳ್ಳಲಿ ಅಂತ ಎಲ್ಲ ಸಭೆಗಳಲ್ಲೂ ಯಾರಾದರೂ ಹೇಳುತ್ತಾರೆ. ತೆಗೆದುಕೊಳ್ಳಬಹುದು. ಆದರೆ ಗೂಡಿಗೆ ಹಾಕಬೇಕಾದರೆ ಮೆಗ್ನೀಸಿಯಂ ಕಡಿಮೆ ಇರಬೇಕು, ಸಾಮಾನ್ಯ ಸಿಮೆಂಟಿನಲ್ಲಿ ಮೆಗ್ನೀಸಿಯಂ ಆಕ್ಸೈಡ್ ನೂರಕ್ಕೆ 6 ಮೀರುವ ಹಾಗಿಲ್ಲ. ಡಾಲಮೈಟಿನಲ್ಲಿ ಅದು 21ರ ತನಕ ಇರುತ್ತದೆ. ಸುಡದೆ ಅರೆಯುವಾಗ ಸೇರಿಸುವ ದಾರಿ ಹೆಚ್ಚು ಸುಲಭ. ಐಎಸ್ 269 ಪ್ರಕಾರ ನೂರಕ್ಕೆ 5ರವರೆಗೆ ಸುಣ್ಣಕಲ್ಲಿನಂಥ ವಸ್ತು ಸೇರಿಸಬಹುದು. ಇನ್ನೂ ದೊಡ್ಡ ಬಾಗಿಲು ತೆರೆದದ್ದು 2023ರಲ್ಲಿ ಬಂದ ಐಎಸ್ 18189. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲು ಸೇರಿಸಿದ ಸಿಮೆಂಟಿನ ನಿಯಮ ಅದು. ಎಲ್‌ಸಿ3 ಅಂತ ಕೇಳಿರುತ್ತೀರಿ, ಸ್ವಿಟ್ಜರ್ಲೆಂಡಿನವರು, ಕ್ಯೂಬಾದವರು, ನಮ್ಮ ಐಐಟಿಗಳವರು ಸೇರಿ ರೂಪಿಸಿದ್ದು. ಅದರ ಮಾದರಿ ಮಿಶ್ರಣದಲ್ಲಿ ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟು ಬರುವ ಸಿಮೆಂಟಿನ ಮೂಲ ಉಂಡೆ, ಅರ್ಧದಷ್ಟೇ. ಸುಟ್ಟ ಜೇಡಿ 30, ಸುಣ್ಣಕಲ್ಲು 15, ಜಿಪ್ಸಂ 5. ಆ 15 ಪಾಲಿನ ಜಾಗಕ್ಕೆ ಮಾರ್ಬಲ್ ಪುಡಿ ಹೇಳಿ ಮಾಡಿಸಿದ್ದು, ಅರೆಯುವ ಕರೆಂಟೂ ಉಳಿಯುತ್ತದೆ. ನಮ್ಮ ಕಡೆ ಇದನ್ನು ಸೇಡಂ, ವಾಡಿ ಕಾರ್ಖಾನೆಗಳಿಗೆ ಮಾರುತ್ತೇನೆ ಅಂತ ಹೊರಟರೆ ನಕ್ಕುಬಿಡುತ್ತಾರೆ. ಅವರ ಕಾಲ ಕೆಳಗೇ ಸುಣ್ಣಕಲ್ಲಿನ ಗಣಿ ಇದೆ.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಥೆ ಸ್ವಲ್ಪ ಬೇಸರದ್ದು. ಚಿಮಣಿಯ ಗಂಧಕದ ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಕಲಸಿದ ನೀರಿನಿಂದ ತೊಳೆಯುವ ಪದ್ಧತಿ ಇದೆ. ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಲೆಕ್ಕದ ಪ್ರಕಾರ 1.56 ಟನ್ ಶುದ್ಧ ಪುಡಿ ಬೇಕು, ಕೊನೆಗೆ 2.7 ಟನ್ನಿನಷ್ಟು ಜಿಪ್ಸಂ ಸಿಗುತ್ತದೆ, ಅದನ್ನೂ ಮಾರಬಹುದು. ಪುಡಿ 44 ಮೈಕ್ರಾನಿಗಿಂತ ಸಣ್ಣ ಇರಬೇಕು ಅಂತ ಕೇಳುತ್ತಾರೆ, ನಮ್ಮ ಸ್ಲರಿಯ ಬಹುಪಾಲು ಹುಟ್ಟುವಾಗಲೇ ಹಾಗಿರುತ್ತದೆ. ಇಲ್ಲೂ ಮಕ್ರಾನಾ ಥರದ್ದೇ ಆಗಬೇಕು, ಡಾಲಮೈಟ್ ನಿಧಾನವಾಗಿ ಕರಗುತ್ತದೆ. 2015ರ ಡಿಸೆಂಬರಿನಲ್ಲಿ ಹೊಗೆಯ ನಿಯಮ ಬಂದಾಗ ಇದೇ ದೊಡ್ಡ ಮಾರುಕಟ್ಟೆ ಆಗುತ್ತದೆ ಅಂತ ನಾವೆಲ್ಲ ಕುಣಿದಿದ್ದೆವು. ಗಡುವು ಮುಂದಕ್ಕೆ, ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಹುಪಾಲು ಘಟಕಗಳಿಗೆ ವಿನಾಯಿತಿಯನ್ನೇ ಕೊಟ್ಟುಬಿಟ್ಟಿತು. ದೊಡ್ಡ ನಗರಗಳ ಹತ್ತಿರದ ಸ್ಥಾವರಗಳಿಗೆ ಮಾತ್ರ ಕಡ್ಡಾಯ ಉಳಿದಿದೆ. ಸರ್ಕಾರದ ಒಂದು ಆದೇಶದ ಮೇಲೆ ನಿಂತ ಉದ್ಯಮ ಇನ್ನೊಂದು ಆದೇಶಕ್ಕೆ ಬೀಳುತ್ತದೆ, ನೋಡಿ.

ಆಮ್ಲದ ತ್ಯಾಜ್ಯ ನೀರು ಬಿಡುವ ಕಾರ್ಖಾನೆಗಳು ಚಿಕ್ಕ ಆದರೆ ನಂಬಬಹುದಾದ ಗಿರಾಕಿಗಳು. ಒಂದು ಕೆಜಿ ಗಂಧಕಾಮ್ಲಕ್ಕೆ ಹೆಚ್ಚೂ ಕಡಿಮೆ ಒಂದು ಕೆಜಿ ಪುಡಿ. ಸುಣ್ಣಕ್ಕಿಂತ ಅಗ್ಗ, ಅಪಾಯವೂ ಕಡಿಮೆ. ಆದರೆ ನೊರೆ ಉಕ್ಕುತ್ತದೆ, ಮತ್ತೆ ಹುಳಿ ಪೂರ್ತಿ ಹೋಗುವುದಿಲ್ಲ. ಲೋಹಗಳನ್ನು ತಳಕ್ಕಿಳಿಸಲು ಕೊನೆಯಲ್ಲಿ ಸುಣ್ಣ ಹಾಕಲೇಬೇಕು. ಮುಕ್ಕಾಲು ಕೆಲಸ ಪುಡಿಯದು, ಕಾಲು ಭಾಗ ಸುಣ್ಣದ್ದು ಅಂತ ಇಟ್ಟುಕೊಳ್ಳಿ.

ರಸ್ತೆಗೆ ಎರಡು ರೀತಿ ಹೋಗುತ್ತದೆ. ಏರಿ ತುಂಬಲು ಮಣ್ಣಿನ ಜೊತೆ ಬೆರೆಸುವುದು ಒಂದು. ಗುಡ್ಡ ಕರಗಿಸುವ ಶಕ್ತಿ ಇರುವುದು ಇದಕ್ಕೆ ಮಾತ್ರ, ಯಾಕೆಂದರೆ ಬಣ್ಣ ಕೇಳುವವರಿಲ್ಲ, ಜಾತಿ ಕೇಳುವವರಿಲ್ಲ, ಸಾವಿರಾರು ಟನ್ ಬೇಕು. ಇನ್ನೊಂದು ಡಾಂಬರಿನ ಮಿಶ್ರಣದಲ್ಲಿ ಹಾಕುವ ನುಣುಪು ಪುಡಿ. ಹೆದ್ದಾರಿ ಸಚಿವಾಲಯದ ನಿಯಮದಲ್ಲಿ ಅದರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಪಾಲು 75 ಮೈಕ್ರಾನ್ ಜರಡಿ ದಾಟಬೇಕು. ಸ್ಲರಿ ಸಲೀಸಾಗಿ ದಾಟುತ್ತದೆ. ಇದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಗ್ರಾನೈಟ್ ಜಾತಿಯ ಜಲ್ಲಿಗೆ ಡಾಂಬರು ಅಷ್ಟಾಗಿ ಒಗ್ಗುವುದಿಲ್ಲ, ಮಳೆಗೆ ಬಿಟ್ಟುಕೊಳ್ಳುತ್ತದೆ. ಸುಣ್ಣಕಲ್ಲಿನ ಪುಡಿ ಆ ಹಿಡಿತವನ್ನು ಉತ್ತಮ ಮಾಡುತ್ತದೆ. ನಮ್ಮ ಕರ್ನಾಟಕದ ಜಲ್ಲಿಯಲ್ಲಿ ಹೆಚ್ಚಿನದು ಗ್ರಾನೈಟ್ ಬಳಗದ್ದೇ. ಹತ್ತಿರದಲ್ಲಿ ಡಾಂಬರ್ ಪ್ಲಾಂಟ್ ಇದ್ದರೆ ಕೇಳಿ ನೋಡಬಹುದು.

ಕಾಗದ, ಪೇಂಟ್, ಪ್ಲಾಸ್ಟಿಕ್ ಕಂಪನಿಗಳ ಕನಸು ಬೇಡ. ಅವರಿಗೆ ಕೆಲವೇ ಮೈಕ್ರಾನಿನ ಪುಡಿ, ಕಣ್ಣು ಕುಕ್ಕುವ ಬಿಳುಪು, ಕಬ್ಬಿಣದ ಸುಳಿವೂ ಇಲ್ಲದ ಶುದ್ಧತೆ ಬೇಕು. ಸ್ಲರಿಯಲ್ಲಿ ಬ್ಲೇಡಿನ ಲೋಹ, ಬಂಡೆಗೆ ಹಚ್ಚಿದ ರೆಸಿನ್ ಅನ್ನುವ ಅಂಟು, ಪಾಲಿಶ್ ಪುಡಿ ಎಲ್ಲ ಇರುತ್ತದೆ. ಪಾತ್ರೆ ತೊಳೆಯುವ ಸೋಪು, ಪುಡಿಗಳಲ್ಲಿ ಮಾತ್ರ ಹೋಗುತ್ತದೆ. ರಂಗೋಲಿ ಪುಡಿ ಮಾಡಬಹುದಾ ಅಂತ ಒಬ್ಬರು ಹಿಂದೆ ಕೇಳಿದ್ದರು. ನೀವೂ ಕೇಳುವ ಮುಂಚೆ ಹೇಳುತ್ತೇನೆ, ಇದು ಬೆರಳ ಸಂದಿಯಿಂದ ಉದುರುವುದಿಲ್ಲ, ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತದೆ. ರಂಗೋಲಿಗೆ ತರಿ ಬೇಕು.

ತೋಟದ ವಿಷಯ. ಹುಳಿ ಮಣ್ಣಿಗೆ ಸುಣ್ಣಕಲ್ಲಿನ ಪುಡಿ ಹಾಕುವುದು ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ, ಡಾಲಮೈಟ್ ಮೂಟೆ ಕೊಂಡೇ ಹಾಕುತ್ತಾರೆ. ಕಟ್ಟಡದಲ್ಲಿ ಬೇಡವಾದ ಮೆಗ್ನೀಸಿಯಂ ಇಲ್ಲಿ ಗಿಡಕ್ಕೆ ಆಹಾರ. ಪುಡಿ ಎಷ್ಟು ನುಣುಪೋ ಅಷ್ಟು ಬೇಗ ಕೆಲಸ ಮಾಡುತ್ತದೆ. ಆದರೆ ನಿಮ್ಮ ಜಿಲ್ಲೆಯನ್ನೇ ನೋಡಿ. ಸಕಲೇಶಪುರದ ಮಣ್ಣು ಹುಳಿ, ಮಳೆ ತೊಳೆದು ತೊಳೆದು ಹಾಗಾಗಿದೆ. ಅರಸೀಕೆರೆ ಒಣ ಸೀಮೆ, ನಿಮ್ಮ ತೆಂಗಿನ ತೋಟಕ್ಕೆ ಇದು ಬೇಕಿಲ್ಲದೆಯೂ ಇರಬಹುದು. ಬೇಡದ ಕಡೆ ಹಾಕಿದರೆ ಸತು, ಕಬ್ಬಿಣ ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ. ಮಣ್ಣಿನ ಪಿಎಚ್ ನೋಡಿಸದೆ ಒಂದು ಬೊಗಸೆಯೂ ಹಾಕಬೇಡಿ. ಸಕಲೇಶಪುರ ಕಡೆಗೆ ಮಾರುವ ಯೋಚನೆ ಇದ್ದರೂ ರೆಸಿನ್ ಹಚ್ಚದ ಬಂಡೆಯ ಪುಡಿ ಮಾತ್ರ ಆಗಬೇಕು, ಸೀಸದಂಥ ಲೋಹಗಳ ಪರೀಕ್ಷೆ ಮಾಡಿಸಿರಬೇಕು. ಕೋಳಿ ಆಹಾರಕ್ಕೆ ಹಾಕುತ್ತೇನೆ ಅಂತ ಯಾರಾದರೂ ಬಂದರೆ ಕೊಡಬೇಡಿ. ಮೊಟ್ಟೆ ಕೋಳಿಗೆ ತರಿ ಸುಣ್ಣಕಲ್ಲು ಒಳ್ಳೆಯದು, ಡಾಲಮೈಟ್ ಹೋದರೆ ಹೊಟ್ಟೆ ಕೆಡುತ್ತದೆ, ಚಿಪ್ಪು ತೆಳುವಾಗುತ್ತದೆ.

ಹಾಗಾದರೆ ನೀವು ಮಾಡಬೇಕಾದ್ದೇನು? ಪುಡಿ ಬೇಕೇ ಬೇಕು ಅಂತಾದರೆ ಬೆಂಗಳೂರಿನ ಪಕ್ಕ ಜಿಗಣಿ ಇದೆ. ಅಲ್ಲಿ ಹೆಚ್ಚಿನದು ಗ್ರಾನೈಟ್, ಕೆಲವರು ಮಾರ್ಬಲ್ ಕೂಡ ಕೊಯ್ಯುತ್ತಾರೆ. ಗ್ರಾನೈಟ್ ಸ್ಲರಿ ಪೂರ್ತಿ ಬೇರೆ ಸಾಮಾನು, ನೂರಕ್ಕೆ 70ರಷ್ಟು ಸಿಲಿಕಾ. ಮೇಲೆ ಹೇಳಿದ ಹುಳಿ ಮಣ್ಣು, ಆಮ್ಲ, ಪುಟ್ಟಿ, ಯಾವುದಕ್ಕೂ ಅದು ಆಗುವುದಿಲ್ಲ. ಸುಟ್ಟ ಇಟ್ಟಿಗೆ, ಟೈಲ್ಸಿಗೆ ಆಗುತ್ತದೆ. ಅದರ ಒಣ ದೂಳು ಶ್ವಾಸಕೋಶಕ್ಕೆ ಮಾರಿ, ಸಿಲಿಕೋಸಿಸ್ ಬಂದರೆ ವಾಸಿ ಮಾಡುವ ಔಷಧಿ ಇಲ್ಲ. ನಿಮ್ಮ ಹುಡುಗರು ಮುಖಕ್ಕೆ ಟವೆಲ್ ಕಟ್ಟಿಕೊಂಡು ಮೂಟೆ ಬಿಚ್ಚುವ ಹಾಗಿದ್ದರೆ ತರಲೇಬೇಡಿ.

ಎರಡನ್ನೂ ಗುರುತಿಸುವುದು ಸುಲಭ. ಒಣ ಪುಡಿಯ ಮೇಲೆ ನಿಂಬೆ ರಸ ಹಿಂಡಿ. ಮಕ್ರಾನಾ ಥರದ ಮಾರ್ಬಲ್ ಆದರೆ ಗುಳ್ಳೆ ಏಳುತ್ತದೆ, ಡಾಲಮೈಟ್ ಆದರೆ ನಿಧಾನವಾಗಿ, ಕಡಿಮೆ ಏಳುತ್ತದೆ, ಗ್ರಾನೈಟ್ ಸುಮ್ಮನಿರುತ್ತದೆ. ಬೆರಕೆ ಎಷ್ಟಿದೆ ಅಂತ ತಿಳಿಯಲು ಪ್ರಯೋಗಾಲಯದಲ್ಲಿ ಸುಟ್ಟು ತೂಕ ನೋಡುವ ಒಂದು ಅಗ್ಗದ ಪರೀಕ್ಷೆ ಇದೆ. ಸುಟ್ಟಾಗ ಶುದ್ಧ ಮಾರ್ಬಲ್ ನೂರಕ್ಕೆ 44 ತೂಕ ಕಳೆದುಕೊಳ್ಳುತ್ತದೆ, ಡಾಲಮೈಟ್ 47ರ ಮೇಲೆ, ಗ್ರಾನೈಟ್ ಒಂದೆರಡು ಅಷ್ಟೇ. ನಿಮ್ಮ ಪುಡಿ 25 ಅಂತ ತೋರಿಸಿದರೆ ಅರ್ಧಕ್ಕರ್ಧ ಬೆರಕೆ, ಏರಿ ತುಂಬಲು ಬಿಟ್ಟು ಬೇರೆ ಯಾವುದಕ್ಕೂ ಅದನ್ನು ನೆಚ್ಚಬೇಡಿ. ಒಂದೇ ಸಲ ನೋಡಿದರೆ ಸಾಲದು, ಒಂದು ತಿಂಗಳು ವಾರಕ್ಕೊಂದು ಮಾದರಿ ತೆಗೆಯಿರಿ. ನಾಲ್ಕೂ ಹತ್ತಿರ ಹತ್ತಿರ ಬಂದರೆ ಮುಂದಿನ ಮಾತು. ಕೊಡುವ ಕಾರ್ಖಾನೆಯಲ್ಲಿ ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ ಯಂತ್ರ ಇದೆಯಾ, ಮಾರ್ಬಲ್ ಗುಂಡಿ ಗ್ರಾನೈಟ್ ಗುಂಡಿ ಬೇರೆ ಬೇರೆ ಇದೆಯಾ ಅಂತ ಹೋಗಿ ಕಣ್ಣಾರೆ ನೋಡಿ.

ಆಮೇಲೆ ಮರಳಿನ ಬದಲು ನೂರಕ್ಕೆ 0, 5, 10 ಅಂತ ಮೂರು ಥರ ಹಾಕಿ ತಲಾ ಒಂದು ಡಜನ್ ಕಲ್ಲು ಮಾಡಿ. ಮೂರಕ್ಕೂ ನೀರು ಅಳೆದು ಹಾಕಿ, ಬಕೆಟ್ ಲೆಕ್ಕ ಬೇಡ. 7 ದಿನಕ್ಕೆ, 28 ದಿನಕ್ಕೆ ಒಡೆಸಿ ನೋಡಿ. 7 ದಿನದ ಫಲಿತಾಂಶ ಚೆನ್ನಾಗಿ ಬರುತ್ತದೆ, ಅದಕ್ಕೆ ಖುಷಿಪಟ್ಟು ಆರ್ಡರ್ ಹಿಡಿಯಬೇಡಿ, 28 ಕಾಯಿರಿ. ನಿಮ್ಮ ಮರಳು ತೊಳೆದದ್ದಾ ಅಲ್ವಾ ಅಂತ ನೀವು ಬರೆದಿಲ್ಲ. ಅದನ್ನೂ ನಾಲ್ಕು ವಾರದ ತೂಕದ ಅಂಕಿಗಳನ್ನೂ ಕಳಿಸಿದರೆ ಮೇಲಿನ ಪದರಕ್ಕೆ ಎಷ್ಟು ಹಾಕಬಹುದು ಅಂತ ಲೆಕ್ಕ ಮಾಡಿ ತಿಳಿಸುತ್ತೇನೆ. ಭಾವನವರ ಹತ್ತಿರ ಪುಡಿ ಬದಲು ಮಕ್ರಾನಾದ ಬಿಳಿ ಚೂರು ಒಂದೆರಡು ಮೂಟೆ ಕೇಳಿ ನೋಡಿ, ಊರಿಗೆ ಬರುವಾಗ ತಂದರೂ ಸಾಕು. ಮೊಸಾಯಿಕ್ ಥರದ ಕಲ್ಲು ಮಾಡಿ ಅಂಗಳಕ್ಕೆ ಹಾಕಿ ತೋರಿಸಿದರೆ ಈಗ ಕೇಳುವವರು ಇದ್ದಾರೆ.